ಬಿದಿರ ಕಂಬದ ಹೆರಿಗೆ ಮನೆ

ನಮ್ಮೂರಿನಲ್ಲಿ ಕಬ್ಬಿಣ ನಿಲ್ಲುವುದಿಲ್ಲ. ಗಡಿಯ ಕಲ್ಲು ದಾಟಿ ಒಳಗೆ ಬಂದ ಸೂಜಿ ಸಂಜೆಯೊಳಗೆ ಕೆಂಪು ಪುಡಿಯಾಗುತ್ತದೆ. ಕುಡುಗೋಲು ಒಂದು ವಾರ ಬಂದರೆ ಹೆಚ್ಚು. ಹಾರೆಯಂಥ ದಪ್ಪ ಕಬ್ಬಿಣ ಇನ್ನಷ್ಟು ದಿನ ತಡೆದೀತು, ಆದರೆ ಅದಕ್ಕೂ ಕೊನೆ ಅದೇ. ಹೊರಗಿನಿಂದ ಮದುವೆಗೆ ಬಂದ ನೆಂಟರು ಸೀರೆಗೆ ಪಿನ್ನು ಚುಚ್ಚಿಕೊಂಡು ಬಂದು, ಊಟಕ್ಕೆ ಕೂರುವ ಹೊತ್ತಿಗೆ ಸೆರಗು ಜಾರಿ ಕಂಗಾಲಾಗುವುದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ನಮ್ಮ ಹೆಂಗಸರು ಸೆರಗನ್ನು ಗಂಟು ಹಾಕಿಕೊಳ್ಳುತ್ತಾರೆ. ಬಾಗಿಲಿಗೆ ತೊಗಲಿನ ಪಟ್ಟಿ, ಬಾವಿಗೆ ಮರದ ರಾಟೆ, ಒಲೆಯ ಮೇಲೆ ಮಣ್ಣಿನದೋ ಹಿತ್ತಾಳೆಯದೋ ಪಾತ್ರೆ. ಬಸ್ಸು ಗಡಿಯಲ್ಲೇ ನಿಲ್ಲುತ್ತದೆ. ಹಿಂದೊಮ್ಮೆ ಯಾರೋ ಅಧಿಕಾರಿ ಹಟ ಹಿಡಿದು ಜೀಪನ್ನು ಒಳಗೆ ತಂದಿದ್ದರು. ಅದರ ತೆಳು ತಂತಿಗಳೆಲ್ಲ ದಾರಿಯಲ್ಲೇ ಉದುರಿ, ಅದು ಹುಣಸೆಮರದ ಕೆಳಗೆ ನಿಂತು, ನಿಂತಲ್ಲೇ ಮಣ್ಣಾಯಿತು. ಗಾಜು, ಟೈರುಗಳನ್ನು ಮಾತ್ರ ಜನ ಎತ್ತಿಕೊಂಡು ಹೋದರು.

ಗಡಿಯಲ್ಲಿ ಹಯಾತ್ ಸಾಬರ ಅಂಗಡಿ ಇದೆ. ಕೊಡಲಿ, ಗರಗಸ, ಕತ್ತರಿ ಎಲ್ಲ ಅಲ್ಲಿ ಬಾಡಿಗೆಗೆ ಸಿಗುತ್ತವೆ. ಒಯ್ದು ಎರಡು ದಿನಕ್ಕೆ ತಂದುಕೊಟ್ಟರೆ ಅವರು ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಎಷ್ಟು ಸವೆದಿದೆ ನೋಡಿ ಒಳಗಿಡುತ್ತಾರೆ. ನಮ್ಮೂರಿನವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಒಂದೊಂದು ಊರಿಗೆ ಒಂದೊಂದು ಇರುತ್ತದೆ.

ಸಿಮೆಂಟು ನಮ್ಮಲ್ಲಿಗೆ ಬಂದದ್ದು ನನ್ನ ಮಾವನ ಕಾಲದಲ್ಲಿ. ಹೊರಗಿನವರು ಕಂಬದೊಳಗೆ ಕಬ್ಬಿಣದ ಸರಳು ಇಡುತ್ತಾರೆಂದು ಕೇಳಿ ಯಾರೋ ಹಾಗೆಯೇ ಕಟ್ಟಿಸಿದರಂತೆ. ಒಂದು ಮಳೆಗಾಲ ಕಳೆಯುವುದರೊಳಗೆ ಸರಳಿದ್ದ ಜಾಗದಲ್ಲಿ ಬರೀ ಕೆಂಪು ಬಿಲ. ಆಮೇಲೆ ನನ್ನ ಮಾವ ಸರಳಿನ ಬದಲು ಬಿದಿರಿನ ದಬ್ಬೆ ನಿಲ್ಲಿಸಿ, ಸುತ್ತ ಕಾಂಕ್ರೀಟು ಎರೆದು ಒಂದು ಕಂಬ ಮಾಡಿದರು. ಅದು ನಿಂತಿತು. ನಾವು ಮೇದಾರರು, ಮೊರ, ಬುಟ್ಟಿ, ಹರಿಗೋಲು ನಮ್ಮ ಕಸುಬು. ಆ ಕಂಬದಿಂದಾಗಿ ನಮ್ಮ ಮನೆಗೆ ಗಾರೆ ಕೆಲಸವೂ ಬಂದು ಸೇರಿಕೊಂಡಿತು. ನಾನು ಸೊಸೆಯಾಗಿ ಬಂದ ಮೇಲೆ ಕೆಲಸ ಎರಡು ಪಾಲಾಯಿತು. ಬಲಿತ ಬಿದಿರು ಆರಿಸುವುದು, ಸೀಳುವುದು, ಹಳ್ಳದ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟು ಅದರ ಸಿಹಿ ಇಳಿಸುವುದು, ಅಟ್ಟದ ಹೊಗೆಯಲ್ಲಿ ಒಣಗಿಸುವುದು ನನಗೆ. ಕಟ್ಟುವುದು, ಎರೆಯುವುದು ನನ್ನ ಗಂಡನಿಗೆ.

ನನ್ನ ಗಂಡನ ಹೆಸರು ಅಂದಾನಿ. ಹೆಂಡತಿ ಗಂಡನ ಹೆಸರು ಹೇಳಬಾರದೆಂದು ನನಗೆ ಕಲಿಸಿದ್ದರು. ಆದರೆ ಅವರ ಕಥೆಯನ್ನು ನನ್ನಷ್ಟು ತಿಳಿದವರು ಬೇರೆ ಯಾರೂ ಇಲ್ಲ, ಹೆಸರಿಲ್ಲದೆ ಹೇಳುವುದು ನನಗೆ ಬರುವುದೂ ಇಲ್ಲ. ಕಟ್ಟುಮಸ್ತಾದ ಆಳು. ಏಣಿ ಹಾಕಿದರೆ ಅದು ಗಟ್ಟಿಯಿದೆಯೇ ಎಂದು ನೋಡುವ ಮೊದಲೇ ಮೇಲಿರುತ್ತಿದ್ದರು. ಮಾತು ಹೆಚ್ಚು, ನಗು ಇನ್ನೂ ಹೆಚ್ಚು. ಅವರು ಎರೆದ ಕಂಬಗಳೆಲ್ಲ ಒಂದೇ ಅಂತಸ್ತಿನ ಮನೆಗಳವು, ಮೇಲೆ ಹಗುರವಾದ ಸೂರು. ಅಷ್ಟಿಷ್ಟು ಬಿರುಕು ಬಿಟ್ಟರೆ ಹಬ್ಬಕ್ಕೆ ಸುಣ್ಣ ಬಳಿಯುವಾಗ ಮೆತ್ತಿಬಿಡುತ್ತಿದ್ದೆವು. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ನಮಗೆ ಒಬ್ಬಳೇ ಮಗಳು, ಶಿವನಂಜಿ. ಊರೊಳಗೇ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ನೋವು ಶುರುವಾದಾಗ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಮಗ ಅಡ್ಡ ತಿರುಗೈತೆ, ನನ್ನ ಕೈಲಾಗಕಿಲ್ಲ. ಹೊರಗಿನ ಆಸ್ಪತ್ರೆಗೆ ಹೊತ್ಕೊಂಡೋಗಿ" ಎಂದಳು. ಗಡಿಗೆ ಅರ್ಧ ದಿನದ ದಾರಿ. ಬೊಂಬಿನ ಡೋಲಿ ಮಾಡಿ ನಾಲ್ವರು ಹೊತ್ತರು, ಮುಂದಿನ ಹೆಗಲು ಅವಳ ಅಪ್ಪನದು. ನಾನು ಪಕ್ಕದಲ್ಲಿ ಅವಳ ಕೈ ಹಿಡಿದು ಓಡುತ್ತಿದ್ದೆ. "ಅವ್ವ, ಇನ್ನೆಷ್ಟು ದೂರ?" ಎಂದು ಕೇಳುತ್ತಲೇ ಇದ್ದಳು. ಬಂತು, ಬಂತು ಎನ್ನುತ್ತಿದ್ದೆ. ಮುಂದೆ ಓಡಿದ್ದ ಹುಡುಗನಿಂದ ಸುದ್ದಿ ತಿಳಿದು ಹಯಾತ್ ಸಾಬರು ವ್ಯಾನು ಗೊತ್ತು ಮಾಡಿ ಗಡಿಯಲ್ಲಿ ಕಾಯುತ್ತಿದ್ದರು. ವ್ಯಾನಿನ ಬಣ್ಣ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಅವಳ ಕೈ ಸಡಿಲವಾಯಿತು. ಹೊಟ್ಟೆಯಲ್ಲಿದ್ದದ್ದೂ ಅವಳ ಜೊತೆಗೇ ಹೋಯಿತು. ಡೋಲಿಯನ್ನು ಅಲ್ಲಿಂದಲೇ ತಿರುಗಿಸಿದೆವು. ಹಳ್ಳದಾಚೆ ನಮ್ಮವರ ಜಾಗದಲ್ಲಿ ಮಣ್ಣು ಮಾಡಿದೆವು.

ಅಂದಾನಿ ಅಳಲಿಲ್ಲ. ಬಂದವರೆಲ್ಲ ಅತ್ತರು, ಅಳಿಯ ನೆಲಕ್ಕೆ ಬಿದ್ದು ಹೊರಳಿದ, ಇವರು ಗೋಡೆಗೆ ಒರಗಿ ಕೂತೇ ಇದ್ದರು. ತಿಂಗಳು ಕಳೆದ ಮೇಲೆ ಒಂದು ದಿನ ಊರಿನ ಹಿರಿಯರ ಮುಂದೆ ಹೋಗಿ ನಿಂತು, "ಊರೊಳಗೇ ಒಂದು ಹೆರಿಗೆ ಮನೆ ಆಗ್ಬೇಕು. ಕಟ್ಟೋ ಕೆಲ್ಸ ನಂದು" ಎಂದರು. ಹೊರಗಿನ ದೊಡ್ಡ ಆಸ್ಪತ್ರೆಯವರು, ಕಟ್ಟಡ ಎದ್ದರೆ ಡಾಕ್ಟರಮ್ಮನನ್ನು ಕಳಿಸುತ್ತೇವೆ, ಹತಾರಗಳನ್ನು ದಿನವೂ ಗಡಿಯಿಂದ ಹೊಸದಾಗಿ ತರಿಸಿಕೊಳ್ಳಲಿ ಎಂದು ಒಪ್ಪಿದರು. ಆದರೆ ಖಾಲಿಯಿದ್ದ ಜಾಗ ಒಂದೇ, ಹಳ್ಳದ ದಂಡೆಯದು. ಮಳೆಗಾಲದಲ್ಲಿ ಅಲ್ಲಿ ಎದೆಮಟ್ಟ ನೀರು ಬರುತ್ತದೆ. ಕಂಬಗಳ ಮೇಲೆ ಎತ್ತರಕ್ಕೆ ನೆಲ ಮಾಡಿ, ಅದರ ಮೇಲೆ ಕಟ್ಟಬೇಕು. ನಮ್ಮ ಬಿದಿರ ಕಂಬ ಅಷ್ಟು ಭಾರ ಯಾವತ್ತೂ ಹೊತ್ತಿರಲಿಲ್ಲ.

"ಹೊರಗೆ ಹೋಗಿ ಆರು ತಿಂಗ್ಳು ಕೆಲ್ಸ ಮಾಡಿ ಬತ್ತೀನಿ," ಎಂದರು ಅವರು. "ಅವ್ರು ಅಂಥ ಎತ್ತರದ್ದನ್ನ ಹೆಂಗೆ ನಿಲ್ಲುಸ್ತಾರೆ ಅಂತ ಕಣ್ಣಾರ ನೋಡ್ಬೇಕು. ಕಬ್ಬಿಣದ ಜಾಗಕ್ಕೆ ಬಿದಿರು ಇಡೋದು ನಮಗೆ ಗೊತ್ತು. ಎಲ್ಲಿ ಎಷ್ಟು ಇಡ್ಬೇಕು ಅನ್ನೋದು ಗೊತ್ತಿಲ್ಲ."

ಹೋದರು. ಯಾವುದೋ ಪಟ್ಟಣದಲ್ಲಿ ದೊಡ್ಡ ಕಟ್ಟಡವೊಂದಕ್ಕೆ ಕೂಲಿಯಾಗಿ ಸೇರಿಕೊಂಡರು. ಅಲ್ಲಿಂದ ಬಂದವರ ಬಾಯಲ್ಲಿ ಸುದ್ದಿ ಹೇಳಿ ಕಳಿಸುತ್ತಿದ್ದರು: ಕಂಬದ ಬುಡದಲ್ಲೂ ತಲೆಯಲ್ಲೂ ಸರಳುಗಳ ಸುತ್ತ ರಿಂಗುಗಳನ್ನು ಒತ್ತೊತ್ತಾಗಿ ಕಟ್ಟುತ್ತಾರಂತೆ, ನಡುವೆ ಸ್ವಲ್ಪ ಅಂತರ ಬಿಡುತ್ತಾರಂತೆ. ಇನ್ನೇನು ಬರುವ ಹೊತ್ತಾಯಿತು ಎನ್ನುವಾಗ ಸಾರುವೆಯ ಹಲಗೆ ಜಾರಿ ಬಿದ್ದರು. ತೊಡೆಯ ಮೂಳೆ ಎರಡು ತುಂಡು. ಪ್ರಜ್ಞೆ ಬರುವಷ್ಟರಲ್ಲಿ ಅಲ್ಲಿನ ಡಾಕ್ಟರು ಮೂಳೆಯೊಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳು ಕೂರಿಸಿಬಿಟ್ಟಿದ್ದರು. ಅವರ ತಪ್ಪಲ್ಲ. ಅವರ ಊರಿನಲ್ಲಿ ಹಾಗೇ ಮಾಡುತ್ತಾರೆ, ಜನ ನಡೆಯುತ್ತಾರೆ.

ಹಯಾತ್ ಸಾಬರು ಆಳು ಕಳಿಸಿದ ಮೇಲೆ ನಾನು ಗಡಿಗೆ ಹೋದೆ. ಕಲ್ಲಿನಾಚೆ, ಅಂಗಡಿಯ ಮುಂದಿನ ಬೆಂಚಿನ ಮೇಲೆ ಕಾಲು ನೀಡಿಕೊಂಡು ಕೂತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ನೋಡಿ ನಕ್ಕರು.

"ಕಂಬದೊಳಗೆ ಇಡೋದನ್ನ ಕಲ್ಯಕ್ಕೆ ಹೋದ್ರೆ ನನ್ನೊಳಗೇ ಇಟ್ಟು ಕಳಿಸ್ಬುಟ್ರು ಕಣೇ ಹೊನ್ನಾಜಿ."

ನಾನು ನಗಲಿಲ್ಲ. "ಯಾವಾಗ ತೆಗೀತಾರಂತೆ?" ಎಂದೆ.

"ಮೂಳೆ ಕೂಡಿಕೊಂಡ ಮೇಲಂತೆ. ಅಲ್ಲೀಗಂಟ ಇಲ್ಲೇ ಇರ್ತೀನಿ. ಹಯಾತಣ್ಣ ಹಿಂದಿನ ಕೋಣೆ ಕೊಡ್ತೀನಿ ಅಂದವ್ರೆ."

ಹೀಗೆ ನಮ್ಮ ಸಂಸಾರ ಗಡಿಯ ಎರಡು ಕಡೆಗೆ ಹಂಚಿಹೋಯಿತು. ಅವರು ಆಚೆ, ಮನೆ ಈಚೆ. ನಾನು ವಾರಕ್ಕೆರಡು ಸಲ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ಅವರು ಹೇಳುತ್ತಿದ್ದರು, ನಾನು ಊರಿಗೆ ಬಂದು ಮಾಡಿಸುತ್ತಿದ್ದೆ. ಮೊದಮೊದಲು ಗಾರೆಯವರು, ಹೆಂಗಸು ಹೇಳಿದ್ದನ್ನು ಕೇಳಬೇಕೇ ಎಂದು ಮುಖ ಮುಖ ನೋಡಿಕೊಂಡರು. ಆದರೆ ಶಿವನಂಜಿಯ ಡೋಲಿ ಹೊತ್ತವರೇ ಅವರಲ್ಲಿ ಇಬ್ಬರಿದ್ದರು. ಅವರು ಗುದ್ದಲಿ ಎತ್ತಿಕೊಂಡ ಮೇಲೆ ಉಳಿದವರೂ ಎತ್ತಿಕೊಂಡರು.

ಮೊದಲು ಎರೆದ ಕಂಬ ಕೆಟ್ಟಿತು. ಹಲಗೆ ಬಿಚ್ಚಿದಾಗ ನೆಟ್ಟಗೇ ಇತ್ತು. ಒಣಗುತ್ತಾ ಹೋದಂತೆ ಮೂಲೆಗಳಲ್ಲಿ ಮೇಲಿಂದ ಕೆಳಗಿನವರೆಗೆ ಸೀಳಿತು. ಇದು ಸುಣ್ಣ ಮೆತ್ತಿ ಮುಚ್ಚುವ ಬಿರುಕಲ್ಲ. ಅದರದೊಂದು ತುಂಡನ್ನು ಗೋಣಿಯಲ್ಲಿ ಕಟ್ಟಿಸಿಕೊಂಡು ಗಡಿಗೆ ಒಯ್ದೆ. ಅಂದಾನಿ ಅದನ್ನು ತೊಡೆಯ ಪಕ್ಕ ಇಟ್ಟುಕೊಂಡು, ಒಳಗಿನ ದಬ್ಬೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಒರೆಯಿಂದ ಚಾಕು ಬಂದಹಾಗೆ ಜಾರಿಕೊಂಡು ಈಚೆಗೆ ಬಂತು.

"ಹಸೀ ಕಾಂಕ್ರೀಟಿನ ನೀರನ್ನೆಲ್ಲ ಇದು ಕುಡಿದದೆ," ಎಂದರು. "ಕುಡಿದು ಊದ್ಕೊಂಡು ಒಳಗಿಂದ ಸೀಳದೆ. ಆಮೇಲೆ ಒಣಗಿ ಸಣ್ಣಗಾಗಿ ಹಿಡಿತ ಬುಟ್ಟದೆ. ಕಬ್ಬಿಣ ನೀರು ಕುಡಿಯಕಿಲ್ಲ. ಅದಕ್ಕೇ ಅವ್ರಿಗೆ ಈ ತಾಪತ್ರಯ ಇಲ್ಲ."

ಇಬ್ಬರೂ ಆ ದಬ್ಬೆಯನ್ನೇ ನೋಡುತ್ತಾ ಕೂತೆವು. ಹಯಾತ್ ಸಾಬರು ಟೀ ತಂದಿಟ್ಟರು. ಅದು ಆರಿತು.

"ಹರಿಗೋಲೂ ಬಿದಿರಲ್ಲವಾ," ಎಂದೆ ನಾನು. "ಅದು ವರ್ಷಗಟ್ಲೆ ನೀರಿನ ಮೇಲೇ ಇದ್ರೂ ಕುಡಿಯಕಿಲ್ಲ. ಡಾಂಬರು ಬಳೀತೀವಿ."

ಅವರು ನನ್ನ ಕಡೆ ತಿರುಗಿದರು. "ಬಳದ್ರೆ ನುಣ್ಣಗಾಯ್ತದೆ. ಕಾಂಕ್ರೀಟು ಹಿಡ್ಕಳಕಿಲ್ಲ."

"ಡಾಂಬರು ಬಿಸಿ ಇದ್ದಂಗೇ ಮರಳಲ್ಲಿ ಹೊಳ್ಳಾಡ್ಸಿದ್ರೆ?"

ಅವರು ನನ್ನ ಕೈ ಹಿಡಿದುಕೊಂಡರು. ಮಗಳು ಹೋದ ಮೇಲೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಹಯಾತ್ ಸಾಬರು ಒಳಗೆ ಹೋಗಿ ಬಾಗಿಲು ಮರೆ ಮಾಡಿಕೊಂಡರು.

ಆ ಬೇಸಿಗೆಯೆಲ್ಲ ನಮ್ಮ ಅಂಗಳದಲ್ಲಿ ಡಾಂಬರು ಕುದಿಯಿತು. ಹೊಗೆಯಲ್ಲಿ ಒಣಗಿದ ದಬ್ಬೆಗಳನ್ನು ಒಂದೊಂದಾಗಿ ಅದ್ದಿ, ಜರಡಿ ಹಿಡಿದ ಮರಳಿನ ಮೇಲೆ ಉರುಳಿಸಿ, ನೆರಳಿನಲ್ಲಿ ಒರಗಿಸುತ್ತಿದ್ದೆವು. ರಿಂಗಿಗೆ ಬೆತ್ತವನ್ನು ನೀರಲ್ಲಿ ನೆನೆಸಿ ಬಗ್ಗಿಸಿ, ಹಿತ್ತಾಳೆ ತಂತಿಯಿಂದ ಬಿಗಿದೆವು. ಓಣಿಯ ಹೆಂಗಸರೆಲ್ಲ ಬಂದರು. ಅವರ ಕೈಗಳೆಲ್ಲ ಕಪ್ಪಾದವು, ಊಟದ ಅನ್ನಕ್ಕೂ ಡಾಂಬರಿನ ವಾಸನೆ. ಎರಡನೆಯ ಸಲ ಎರೆದ ಕಂಬ ಒಣಗಿದ ಮೇಲೆ ನಾನು ಅದರ ನಾಲ್ಕು ಮೂಲೆಯನ್ನೂ ಅಂಗೈಯಲ್ಲಿ ಸವರಿ ನೋಡಿದೆ. ಒಂದು ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಒಂದೊಂದಾಗಿ ಹನ್ನೆರಡು ಕಂಬಗಳು ಎದ್ದವು.

ಅದೇ ಹೊತ್ತಿಗೆ ಅಂದಾನಿಯನ್ನು ಕಾಲು ತೋರಿಸಲು ಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದ ಹಯಾತ್ ಸಾಬರು ಮುಖ ಸಣ್ಣಗೆ ಮಾಡಿಕೊಂಡು ಬಂದರು. ಅಂದಾನಿಗೆ ಸಕ್ಕರೆ ಕಾಯಿಲೆ ಇತ್ತೆಂಬುದು ನಮಗೆ ತಿಳಿದೇ ಇರಲಿಲ್ಲ. ಮೂಳೆ ಕೂಡಿಕೊಂಡಿರಲಿಲ್ಲ, ಕೂಡುವ ಲಕ್ಷಣವೂ ಇರಲಿಲ್ಲ. ಮೈಭಾರವೆಲ್ಲ ಸರಳಿನ ಮೇಲೇ ಇದೆ, ಅದನ್ನು ತೆಗೆಯುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿದ್ದರು.

"ಹಂಗಾದ್ರೆ ನಾನೇ ಈ ಕಡೆಗೆ ಬಂದ್ಬುಡ್ತೀನಿ," ಎಂದೆ.

"ಮೊದ್ಲು ಮೋಲ್ಡ್ ಆಗ್ಲಿ," ಎಂದರು ಅಂದಾನಿ. "ಆಮೇಲೆ ನೋಡಾನ."

ಕಂಬಗಳ ಮೇಲೆ ನೆಲಕ್ಕೆ ಮೋಲ್ಡ್ ಹಾಕುವ ದಿನ ಊರೆಲ್ಲ ಅಲ್ಲಿತ್ತು. ಆಸರೆಗೆ ನಿಲ್ಲಿಸಿದ ಬೊಂಬಿನ ಊರೆಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ನಮ್ಮ ಕಪ್ಪು ದಬ್ಬೆಗಳ ಜಾಲ ಹರಡಿ, ಜನ ಸಾಲಾಗಿ ನಿಂತು ಬಾಣಲೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಹೊತ್ತು ಏರುವಾಗ ಸಾಲಿನ ಕೊನೆಯಲ್ಲಿ ಸದ್ದು ನಿಂತಿತು. ತಿರುಗಿ ನೋಡಿದೆ. ಎತ್ತಿನ ಗಾಡಿಯಿಂದ ಅಂದಾನಿ ಇಳಿಯುತ್ತಿದ್ದರು.

ನಾನು ಓಡಿದೆ. "ಏನ್ ಮಾಡ್ಕೊಂಡ್ರಿ ಇದು! ವಾಪಸ್ ಹೋಗಿ, ಗಾಡಿ ಹತ್ತಿ ಮೊದ್ಲು."

"ಒಂದು ದಿನಕ್ಕೆ ಏನೂ ಆಗಕಿಲ್ಲ ಕಣೇ. ಹಾರೆ ಎಷ್ಟು ದಿನ ತಡೀತದೆ? ಇದು ಮೈಯೊಳಗೆ ಐತೆ, ಗಾಳಿ ತಾಗಕಿಲ್ಲ. ಸಂಜೆ ಹೊಂಟೋಯ್ತೀನಿ."

ಅವರು ಮೇಲೆ ಹತ್ತಿದರು. ಕುಂಟುತ್ತಲೇ ಆ ತುದಿಯಿಂದ ಈ ತುದಿಗೆ ಓಡಾಡಿದರು. ಇಲ್ಲಿ ತುಂಬಿ, ಅಲ್ಲಿ ಕುಟ್ಟಿ, ಕಂಬದ ತಲೆ ಹತ್ರ ನೋಡ್ಕಳಿ ಎಂದು ಕೂಗಿದರು. ಅವರ ಕೂಗು ಕೇಳಿ ಜನರ ಕೈಗಳು ಚುರುಕಾದವು. ಕೆಲಸ ಮುಗಿದ ಮೇಲೆ ಹಳ್ಳ ದಾಟಿ ಮಗಳ ಹತ್ತಿರ ಹೋದರು. ನಾನು ಜೊತೆಗೆ ಹೋಗಲಿಲ್ಲ. ತಿರುಗಿ ಬಂದಾಗ ಮೊಣಕಾಲಿಗೆ ಮಣ್ಣು ಮೆತ್ತಿತ್ತು. ಗಾಡಿಯವನು ಕಾಯುತ್ತಿದ್ದ. ಅವರು ಅವನನ್ನು ಕಳಿಸಿಬಿಟ್ಟರು.

"ಇವತ್ತೊಂದಿನ ಮನೇಲಿ ಉಣ್ತೀನಿ," ಎಂದರು.

ಉಪ್ಪು ಹಾಕಿಟ್ಟಿದ್ದ ಕಳಲೆಯ ಸಾರು ಮಾಡಿದೆ, ಮುದ್ದೆ ಮಾಡಿದೆ. ಎರಡು ಮುದ್ದೆ ಉಂಡರು. ಮರುದಿನ ಬೆಳಿಗ್ಗೆ, ಹೊರಡಿ ಎಂದೆ. ಮೋಲ್ಡಿಗೆ ನೀರು ನಿಲ್ಲಿಸುವುದನ್ನು ನೋಡಿಕೊಂಡು ಹೋಗುತ್ತೇನೆ ಎಂದರು. ಅದರ ಮರುದಿನ ಮತ್ತೇನೋ. ದಿನವೂ ಹೇಳಿದೆ, ಬೈದೆ, ಅತ್ತುಬಿಟ್ಟೆ. ಹಯಾತ್ ಸಾಬರೂ ಹೇಳಿ ಕಳಿಸಿದರು. ಅವರು ಎಲ್ಲದಕ್ಕೂ ಹ್ಞೂಂ ಎಂದು, ಕೋಲು ಊರಿಕೊಂಡು ಹಳ್ಳದ ದಂಡೆಗೆ ನಡೆದುಬಿಡುತ್ತಿದ್ದರು. ಸಂಜೆ ಬಂದು ಜಗಲಿಯ ಮೇಲೆ ಕೂತು ಓಣಿಯವರ ಜೊತೆ ಹರಟೆ ಹೊಡೆಯುತ್ತಿದ್ದರು. ಅವರ ಧ್ವನಿ ಮನೆಯಲ್ಲಿ ತುಂಬಿರುವುದನ್ನು ಕೇಳುತ್ತಾ ನಾನು ಒಲೆಯ ಮುಂದೆ ಕೂತಿರುತ್ತಿದ್ದೆ. ಆ ದಿನಗಳು ಒಳ್ಳೆಯವು ಎಂದು ಹೇಳಲು ನನಗೆ ಈಗಲೂ ಭಯವಾಗುತ್ತದೆ. ಆದರೆ ಒಳ್ಳೆಯವೇ.

ಒಂದು ದಿನ ಸ್ನಾನಕ್ಕೆ ನೀರು ಹಾಕುವಾಗ ನೋಡಿದೆ. ತೊಡೆಯ ಮೇಲಿನ ಹೊಲಿಗೆಯ ಗುರುತಿನ ಉದ್ದಕ್ಕೂ ಚರ್ಮದ ಕೆಳಗೆ ಕೆಂಪು ಛಾಯೆ, ರವಿಕೆಯಲ್ಲಿ ಪಿನ್ನು ಕರಗಿದ ಜಾಗದಲ್ಲಿ ಉಳಿಯುತ್ತದಲ್ಲ, ಅಂಥದು. ಮುಟ್ಟಿದರೆ ಸುಡುತ್ತಿತ್ತು.

"ನಾಳೆ ಊರೆ ಬಿಚ್ಚೋದು," ಎಂದರು ನನ್ನ ಮುಖ ನೋಡದೆ. "ಅದೊಂದು ನೋಡ್ಬುಟ್ಟು ಹೊಂಟೋಯ್ತೀನಿ. ನಿನ್ನಾಣೆ."

ಮರುದಿನ ಊರೆಗಳನ್ನು ಒಂದೊಂದಾಗಿ ತೆಗೆದರು. ಕೊನೆಯದೂ ಬಂತು. ನೆಲ ನಿಂತಿತು. ಹನ್ನೆರಡು ಕಂಬಗಳೂ ಹೊತ್ತುಕೊಂಡವು. ಜನ ಕೇಕೆ ಹಾಕಿದರು. ಮೇಲಿದ್ದ ಅಂದಾನಿ ಪಾದದಿಂದ ನೆಲವನ್ನು ಎರಡು ಸಲ ಗುದ್ದಿ ನೋಡಿ, ನನ್ನ ಕಡೆ ಕೈಯೆತ್ತಿ, ಮೆಟ್ಟಿಲು ಇಳಿಯತೊಡಗಿದರು. ಎರಡನೆಯ ಮೆಟ್ಟಿಲಿನಲ್ಲಿ ಅವರ ಕಾಲು ನಡುತೊಡೆಯಲ್ಲೇ ಮಡಿಸಿಕೊಂಡಿತು. ಸದ್ದೇನೂ ಆಗಲಿಲ್ಲ. ಕೂಗಿದ್ದು ನಾನು. ಅವರು ಆಶ್ಚರ್ಯದಿಂದ ನೋಡುತ್ತಾ ಕೆಳಗೆ ಉರುಳಿಬಂದರು.

ಪಟ್ಟಣದ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಫೋಟೋ ಹಿಡಿದು ತೋರಿಸಿದರು. ಸರಳಿದ್ದ ಕಡೆ ಮೋಡದಂಥ ಕಲೆ. ಒಳಗೆಲ್ಲ ಕೀವಾಗಿತ್ತು. ಅವರು ನಿಧಾನವಾಗಿ, ನನಗೂ ಅರ್ಥವಾಗುವಹಾಗೆ ಹೇಳಿದರು: ಕೀವು ತೆಗೆದು ಶುದ್ಧ ಮಾಡಿ, ಕೆಲವು ತಿಂಗಳು ಇಲ್ಲೇ ಇಟ್ಟುಕೊಂಡು, ಮತ್ತೊಂದು ಸರಳು ಹಾಕಬಹುದು. ನಡೆಯುತ್ತಾರೆ, ಆದರೆ ಆ ಊರಿನ ಕಡೆ ಮತ್ತೆ ತಲೆ ಹಾಕಬಾರದು. ಅದು ಬೇಡವೆಂದರೆ ಕಾಲು ತೆಗೆಯಬೇಕು.

"ಸರಳೇ ಹಾಕಿ ಸ್ವಾಮಿ," ಎಂದೆ.

"ತೆಗ್ದುಬುಡಿ," ಎಂದರು ಅಂದಾನಿ.

ಡಾಕ್ಟರು ನಮ್ಮಿಬ್ಬರನ್ನೂ ನೋಡಿ, ಮಾತಾಡಿಕೊಳ್ಳಿ ಎಂದು ಹೊರಗೆ ಹೋದರು. ನಾನು ಮಂಚದ ಸರಳನ್ನು ಹಿಡಿದುಕೊಂಡಿದ್ದೆ. ತಣ್ಣಗಿತ್ತು. ನನ್ನ ಬದುಕಿನಲ್ಲಿ ಅಷ್ಟು ಹೊತ್ತು ನಾನು ಕಬ್ಬಿಣ ಹಿಡಿದಿರಲಿಲ್ಲ.

"ಯಾಕೆ ಹಿಂಗಾಡ್ತೀರಿ? ನಾನು ಬತ್ತೀನಿ ಅಂದ್ನಲ್ಲ. ಹಯಾತಣ್ಣನ ಅಂಗಡಿ ಹಿಂದೆ ಒಂದು ಗುಡಿಸ್ಲು ಹಾಕ್ಕೊಳಾನ. ಇಬ್ರೇ ತಾನೇ ನಾವು. ಎಲ್ಲಿದ್ರೇನು?"

"ಇಬ್ರಲ್ಲ," ಎಂದರು.

ನಾನು ಮಂಚದ ಸರಳು ಬಿಟ್ಟು ಅವರ ಕಡೆ ತಿರುಗಿದೆ.

"ನಾನು ಗಡಿಲಿ ಕೂತಿದ್ದಾಗ ನೀನು ಬುತ್ತಿ ತತ್ತಿದ್ದೆ, ಸುದ್ದಿ ಹೇಳ್ತಿದ್ದೆ. ಎಲ್ಲಾ ಸರಿ. ಅವಳತ್ರ ಹೋಗಕ್ಕಾಯ್ತಿರ್ಲಿಲ್ಲ ನಂಗೆ. ಅವತ್ತು ನಾನು ಹೊತ್ತಿದ್ದು ಕಣೇ ಮುಂದ್ಗಡೆ. ನಾನು ಇನ್ನೊಂಚೂರು ಬಿರ್ರನೆ ನಡ್ದಿದ್ರೆ ಅಂತ ದಿನಾ ಅನ್ಸ್ತದೆ. ಅವಳತ್ರ ಹೋಗಿ ಕೂತ್ರೆ ಒಸಿ ಸುಮ್ಕಾಯ್ತದೆ. ಕಾಲಿಟ್ಕೊಂಡು ಇಲ್ಲಿ ಓಡಾಡಿ ಏನ್ ಮಾಡ್ಲಿ?"

ನಾನು ಜಗಳವಾಡಿದೆ. ಅವಳು ಹೋದಳು, ನಾನಿನ್ನೂ ಇದ್ದೇನೆ, ನನಗೆ ನೀವು ನಡೆಯುವುದು ಬೇಕು ಎಂದೆ. ಪಕ್ಕದ ಮಂಚದವರು ಮುಖ ತಿರುಗಿಸಿಕೊಂಡರು. ಅಂದಾನಿ ಕಣ್ಣು ಮುಚ್ಚಿಕೊಂಡು ಮಲಗಿದ್ದರು. ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿದ್ದು ಅವರೇ. ನನ್ನನ್ನು ಕೇಳಿದ್ದರೆ ನಾನು ಒತ್ತುತ್ತಿರಲಿಲ್ಲ.

ತೊಡೆಯ ಬುಡದವರೆಗೂ ತೆಗೆದರು. ಗಾಯ ಮಾಗಿದ ಮೇಲೆ, ಮೈಯೊಳಗಾಗಲಿ ಮೈಮೇಲಾಗಲಿ ಕಬ್ಬಿಣದ ಚೂರೂ ಇಲ್ಲದೆ, ಊರಿಗೆ ಬಂದರು. ಗಡಿ ದಾಟುವಾಗ ಗಾಡಿಯವನು ಎತ್ತುಗಳನ್ನು ನಿಲ್ಲಿಸಿದ. ಅವರು ಹೊಡಿ ಎಂದರು.

ಮನೆಗೆ ಬಂದವರು ಹಳೆಯ ಅಂದಾನಿಯಾಗಿರಲಿಲ್ಲ. ಮಗಳ ಹತ್ತಿರ ಹೋಗಲು ಬಂದವರು, ಊರುಗೋಲಿನಲ್ಲಿ ಹಳ್ಳದ ಕಲ್ಲುಗಳನ್ನು ದಾಟಲಾಗದೆ ಎರಡು ಸಲ ಬಿದ್ದು, ಆಮೇಲೆ ಅತ್ತ ಹೋಗುವುದನ್ನೇ ಬಿಟ್ಟರು. ಹೊತ್ತುಕೊಂಡು ಹೋಗುತ್ತೇವೆ ಎಂದು ಹುಡುಗರು ಬಂದರೆ ಗದರಿ ಕಳಿಸಿದರು. ಜನ ಹೊಗಳಲು ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನಾನು ಹೆರಿಗೆ ಮನೆಯ ಗೋಡೆಗಳಿಗೆ ತಟ್ಟಿ ಹೆಣೆಯುತ್ತಿದ್ದೆ, ಗಾರೆ ಮೆತ್ತಿಸುತ್ತಿದ್ದೆ. ಸಂಜೆ ಬಂದು ಏನೇನಾಯಿತು ಎಂದು ಹೇಳಿದರೆ ಅವರು ಕೇಳುತ್ತಿದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. ನನ್ನೊಳಗೂ ಸಿಟ್ಟು ಆರಿರಲಿಲ್ಲ. ಒಂದೇ ಮನೆಯಲ್ಲಿ, ಗಡಿಯ ಎರಡು ಕಡೆ ಇದ್ದಾಗಿನದಕ್ಕಿಂತ ಕಡಿಮೆ ಮಾತಾಡುತ್ತಾ ಒಂದು ಮಳೆಗಾಲ ಕಳೆದೆವು. ಹಳ್ಳ ಉಕ್ಕಿ ಕಂಬಗಳ ಎದೆಯವರೆಗೆ ಬಂತು, ಇಳಿಯಿತು. ಕಂಬಗಳಿಗೆ ಏನೂ ಆಗಲಿಲ್ಲ. ಬಂದು ನೋಡಿ ಎಂದೆ. ಅವರು ಬರಲಿಲ್ಲ.

ಮಳೆ ನಿಂತ ಮೇಲೆ ಡಾಕ್ಟರಮ್ಮ ಫಿಲೋಮಿನಾ ಬಂದು ಹೆರಿಗೆ ಮನೆಯ ಒಂದು ಕೋಣೆಯಲ್ಲಿ ಉಳಿದುಕೊಂಡರು. ನಮ್ಮ ಮಗಳಿಗಿಂತ ಸ್ವಲ್ಪ ದೊಡ್ಡವರು. ಹತಾರದ ಪೆಟ್ಟಿಗೆಯನ್ನು ಹಯಾತ್ ಸಾಬರ ಅಳಿಯ ದಿನವೂ ಬೆಳಗಾಗುವ ಮೊದಲೇ ಹೊರಟು ತಂದುಕೊಡುತ್ತಿದ್ದ, ನಿನ್ನೆಯದನ್ನು ಒಯ್ಯುತ್ತಿದ್ದ. ಕೆಲವು ದಿನ ಯಾರೂ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ನಾನು ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಾಗ ಓಣಿಯಲ್ಲಿ ಗದ್ದಲವಾಯಿತು. ನೇಯ್ಗೆಯವರ ಚಿಕ್ಕಲಿಂಗಮ್ಮನ ಸೊಸೆಯನ್ನು ಡೋಲಿಯಲ್ಲಿ ತರುತ್ತಿದ್ದರು. ಆ ಹುಡುಗಿ ಹಲ್ಲು ಕಚ್ಚಿ ನರಳುತ್ತಿದ್ದಳು. ಡೋಲಿ ನಮ್ಮ ಬಾಗಿಲ ಮುಂದೆ ದಾಟಿ ಹೋಯಿತು.

ಅಂದಾನಿ ಎದ್ದು ಕೂತರು. ಊರುಗೋಲಿಗೆ ಕೈ ಚಾಚಿದರು. ನಾನು ತಂದುಕೊಡುವಷ್ಟರಲ್ಲಿ ಗೋಡೆ ಹಿಡಿದು ನಿಂತಿದ್ದರು. ಬಾಗಿಲು ದಾಟಿ, ಆ ಡೋಲಿಯ ಹಿಂದೆ ಹೊರಟರು. ನಾನು ಮೊರವನ್ನು ಅಲ್ಲೇ ಬಿಟ್ಟು ಹಿಂದೆ ಹೋದೆ. ಅವರ ಬೆನ್ನಿನ ಬಟ್ಟೆ ಬೆವರಿನಿಂದ ಅಂಟಿಕೊಂಡಿತ್ತು. ಎಲ್ಲೂ ನಿಲ್ಲಲಿಲ್ಲ.

ಹೆರಿಗೆ ಮನೆಯ ಕೆಳಗೆ, ಕಂಬಗಳ ನಡುವೆ, ನೆರಳು ಚೆನ್ನಾಗಿತ್ತು. ಡೋಲಿ ಹೊತ್ತವರು ಅಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಅಂದಾನಿ ಒಂದು ಕಂಬಕ್ಕೆ ಒರಗಿ ಕೂತರು. ನಾನು ಪಕ್ಕದಲ್ಲಿ ಕೂತೆ. ಮೇಲಿನಿಂದ ಆ ಹುಡುಗಿಯ ಕೂಗು ಬರುತ್ತಿತ್ತು. ನಡುವೆ ಡಾಕ್ಟರಮ್ಮನ ಧ್ವನಿ, ಯಾರೋ ಓಡಾಡುವ ಹೆಜ್ಜೆ, ನೀರು ಸುರಿದ ಸದ್ದು. ಒಮ್ಮೆ ಎಲ್ಲವೂ ನಿಂತುಹೋಯಿತು. ಆ ನಿಶ್ಶಬ್ದದಲ್ಲಿ ಅವರು ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡರು. ನನ್ನ ಸಿಟ್ಟು ಎಲ್ಲಿತ್ತೋ ನನಗೆ ಸಿಗಲಿಲ್ಲ.

ಮಗು ಅತ್ತಿತು. ಕೆಳಗಿದ್ದವರೆಲ್ಲ ಎದ್ದು ನಿಂತರು. ಯಾರೋ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಚಿಕ್ಕಲಿಂಗಮ್ಮ ಅಂಗೈಯಲ್ಲಿ ಬೆಲ್ಲದ ಉಂಡೆ ಹಿಡಿದು ದಡದಡ ಮೆಟ್ಟಿಲಿಳಿದು ಬಂದಳು. ಬೇರೆ ಯಾರಿಗೂ ಕೊಡದೆ ನೇರ ಇವರ ಮುಂದೆ ಬಂದು ನಿಂತಳು.

"ಅಂದಾನಣ್ಣ, ಮೊಮ್ಮಗಳು! ಗುಂಡಗವ್ಳೆ, ಬಾಯಿ ಮಾತ್ರ ಊರಗ್ಲ. ಮೊದ್ಲು ನೀನು ಬಾಯಿಗಾಕ್ಕೋ."

ಅವರು ಬೆಲ್ಲ ತೆಗೆದುಕೊಳ್ಳಲಿಲ್ಲ. "ತಾಯಿ ಹೆಂಗವ್ಳೆ?" ಎಂದರು.

"ಅದೇ ಹೇಳಿದ್ನಲ್ಲಣ್ಣ, ಗುಂಡಗವ್ಳೆ..."

"ಮಗು ಅಲ್ಲ ಕಣಮ್ಮ. ಹೆತ್ತೋಳು. ಹೆತ್ತೋಳು ಬದುಕವ್ಳಾ?"

ಚಿಕ್ಕಲಿಂಗಮ್ಮನ ಮುಖದ ನಗು ಹಾಗೇ ನಿಂತಿತು. ಅವಳಿಗೂ ನೆನಪಾಗಿರಬೇಕು. "ಬದುಕವ್ಳೆ ಅಣ್ಣ," ಎಂದಳು ಮೆಲ್ಲಗೆ. "ಚೆನ್ನಾಗವ್ಳೆ. ಹಸಿವು ಅಂತ ಅನ್ನ ಕೇಳ್ತಾವ್ಳೆ."

ಅಂದಾನಿ ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಮೊದಲು ಭುಜ ಅಲುಗಿತು, ಆಮೇಲೆ ಧ್ವನಿ ಬಂತು. ಮಗಳನ್ನು ಮಣ್ಣಿಗಿಡುವಾಗ ಬಾರದ ಧ್ವನಿ, ಕಾಲು ತೆಗೆದ ದಿನವೂ ಬಾರದ ಧ್ವನಿ. ದಣಿವಾರಿಸಿಕೊಳ್ಳುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಬಿಸಿಲಿಗೆ ಸರಿದರು. ಮೇಲಿನಿಂದ ಡಾಕ್ಟರಮ್ಮ ಬಿಸಿನೀರಿಗೆ ಕೂಗಿದರು. ನಾನು ಏಳಲು ಹೋದೆ. ಅವರು ಸೆರಗು ಬಿಡಲಿಲ್ಲ. ಚಿಕ್ಕಲಿಂಗಮ್ಮ ಬೆಲ್ಲವನ್ನು ನನ್ನ ಮಡಿಲಲ್ಲಿ ಹಾಕಿ, ತಾನೇ ಹಂಡೆಯ ಕಡೆ ಓಡಿದಳು.